ನಾಲ್ವರು ಮಕ್ಕಳ ತಾಯಿಯನ್ನು ನಾನು ಬದಲಿಸಿದ ಮಧ್ಯಾಹ್ನ

ರಾಜವಂಶಾವಳಿಗಳ ಡೇಟಾ ಸಿದ್ಧಪಡಿಸಿಕೊಡುವ ಕಂಪನಿಯೊಂದರಲ್ಲಿ ನಾನು ಕೆಲವು ವರ್ಷ ಕ್ಯೂಸಿಯಲ್ಲಿ, ಅಂದರೆ ಗುಣಮಟ್ಟ ಪರಿಶೀಲನೆಯಲ್ಲಿ ಇದ್ದೆ. ಅಲ್ಲಿ ಮಾಡಿದ ತಪ್ಪುಗಳಲ್ಲಿ ಹೆಚ್ಚಿನವು ಮರೆತುಹೋಗಿವೆ. ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಡ್ಯೂಕನೊಬ್ಬನ ನಾಲ್ವರು ಮಕ್ಕಳನ್ನು ಹೆತ್ತವಳಿಂದ ಬಿಡಿಸಿ ಅವಳ ಸವತಿಯ ಮಡಿಲಿಗೆ ಹಾಕಿದ್ದು ಮಾತ್ರ ಇಂದಿಗೂ ಚುಚ್ಚುತ್ತದೆ.

ಬಿಲ್ಡ್ ಫ್ರೀಜ್‌ಗೆ, ಅಂದರೆ ಡೇಟಾದಲ್ಲಿ ಬದಲಾವಣೆ ನಿಲ್ಲಿಸುವ ಗಡುವಿಗೆ, ಒಂದೇ ದಿನ ಬಾಕಿಯಿತ್ತು. ಲ್ಯಾಂಕಾಸ್ಟರ್ ಬ್ಯಾಚಿನಲ್ಲಿ ಸಾಫ್ಟ್‌ವೇರ್ ತಪ್ಪೆಂದು ಗುರುತಿಸಿದ ನಾಲ್ಕು ಕೆಂಪು ಸಾಲುಗಳು ಉಳಿದಿದ್ದವು, ನಾಲ್ಕಕ್ಕೂ ಒಂದೇ ದೂರು: ಮಗುವಿನ ಜನನ ತಂದೆತಾಯಿಯ ಮದುವೆಗಿಂತ ಮೊದಲು. ತಂದೆ ಜಾನ್ ಆಫ್ ಗಾಂಟ್, ಮೂರನೆಯ ಎಡ್ವರ್ಡ್ ದೊರೆಯ ಮಗ, 1340ರಲ್ಲಿ ಫ್ಲಾಂಡರ್ಸ್‌ನ ಗೆಂಟ್ ಪಟ್ಟಣದಲ್ಲಿ ಹುಟ್ಟಿ ಆ ಊರಿನ ಹೆಸರನ್ನೇ ಹೊತ್ತವನು. 1359ರಲ್ಲಿ ಬ್ಲಾಂಚ್‌ಳನ್ನು ಮದುವೆಯಾದ. ಅವಳ ತವರಿನ ಆಸ್ತಿಯೇ ಅವನನ್ನು 1362ರಲ್ಲಿ ಲ್ಯಾಂಕಾಸ್ಟರಿನ ಡ್ಯೂಕನನ್ನಾಗಿ ಮಾಡಿತು. 1368ರಲ್ಲಿ ಅವಳು ತೀರಿಕೊಂಡ ಮೇಲೆ, ಕೊಲೆಯಾದ, ಸ್ಪೇನಿನ ಕ್ಯಾಸ್ಟೀಲ್ ರಾಜ್ಯದ ದೊರೆ ಪೆದ್ರೋನ ಮಗಳು ಕಾನ್‌ಸ್ಟನ್ಸ್‌ಳನ್ನು 1371ರಲ್ಲಿ ವರಿಸಿ, ತಾನೇ ಕ್ಯಾಸ್ಟೀಲಿನ ರಾಜನೆಂದು ಹೇಳಿಕೊಳ್ಳತೊಡಗಿದ. ಅವಳು ತೀರಿದ್ದು 1394ರಲ್ಲಿ. ಮೂರನೆಯವಳು ಕ್ಯಾಥರೀನ್ ಸ್ವಿನ್‌ಫರ್ಡ್. ಮದುವೆ 1396ರ ಜನವರಿಯಲ್ಲಿ, ಲಿಂಕನ್ ಕೆಥೀಡ್ರಲ್‌ನಲ್ಲಿ. ಆದರೆ ಅವಳ ಹೆಸರಿನಲ್ಲಿದ್ದ ಜಾನ್, ಹೆನ್ರಿ, ಥಾಮಸ್, ಜೋನ್ ಎಂಬ ನಾಲ್ವರು ಬೋಫರ್ಟ್ ಮಕ್ಕಳೂ 1370ರ ದಶಕದವರು.

ನನಗೆ ಇದು ಟೈಪಿಂಗ್ ದೋಷವೆಂದು ಕಂಡಿತು. ಕಾನ್‌ಸ್ಟನ್ಸ್‌ಳ ಸ್ಪೌಸ್ ಐಡಿ 02ರಲ್ಲಿ ಮುಗಿಯುತ್ತಿತ್ತು, ಕ್ಯಾಥರೀನಳದು 03ರಲ್ಲಿ. ಕೀಬೋರ್ಡಿನಲ್ಲಿ ಅವು ಪಕ್ಕಪಕ್ಕದ ಕೀಲಿಗಳು. ಸಾಲದ್ದಕ್ಕೆ ಕಾನ್‌ಸ್ಟನ್ಸ್‌ಳ ಸ್ವಂತ ಮಗಳ ಹೆಸರೂ ಕ್ಯಾಥರೀನ್. ಎಂಟ್ರಿ ಮಾಡಿದವರು ಎರಡು ಕ್ಯಾಥರೀನ್‌ಗಳ ನಡುವೆ ಎಡವಿದ್ದಾರೆಂದು ತೀರ್ಮಾನಿಸಿ, ಬಲ್ಕ್ ಎಡಿಟ್‌ನಲ್ಲಿ ನಾಲ್ಕೂ ಸಾಲುಗಳಿಗೆ 02 ಕೊಟ್ಟೆ. ನಾಲ್ಕೂ ಹಸಿರಾದವು. ಟಿಪ್ಪಣಿಯ ಕಾಲಂ ಬಲಗಡೆ ಮಡಚಿಕೊಂಡಿತ್ತು. ಅದನ್ನು ಎಳೆದು ನೋಡುವ ತೊಂದರೆ ತೆಗೆದುಕೊಳ್ಳಲಿಲ್ಲ.

ಸಮಯವಿರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ನಾನು ಕಾರವಾರದವನು. ಬ್ಲಾಂಚ್‌ಳ ಮಗಳು ಫಿಲಿಪ್ಪಾ ಪೋರ್ಚುಗಲ್ಲಿನ ರಾಣಿಯಾದಳು, ಅವಳ ಮರಿಮಗ ಒಂದನೆಯ ಮ್ಯಾನುಯೆಲ್ ದೊರೆ, ಅವನ ಕಾಲದಲ್ಲೇ 1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ನಮ್ಮ ಊರಿನೆದುರಿನ ಅಂಜದೀವ್ ದ್ವೀಪದಲ್ಲಿ ತಂಗಿದ್ದವು ಎಂಬುದನ್ನು ಅಕ್ಕಪಕ್ಕದ ಸೀಟಿನವರಿಗೆಲ್ಲ ಸ್ಕ್ರೀನ್ ತಿರುಗಿಸಿ ತೋರಿಸುವುದರಲ್ಲೇ ಆ ಮಧ್ಯಾಹ್ನದ ಒಂದು ಗಂಟೆ ಹೋಗಿತ್ತು. ಬೋಫರ್ಟ್‌ಗಳಿಗೆ ಸಿಕ್ಕಿದ್ದು ಎರಡು ಕ್ಲಿಕ್.

ಮರುದಿನದ ರಿವ್ಯೂ ಕಾಲ್‌ನಲ್ಲಿ ಕ್ಲೈಂಟ್ ಕಡೆಯ ಇತಿಹಾಸಕಾರರು ವಂಶದ ಮರವನ್ನು ಬಿಡಿಸುತ್ತ ಬಂದು ಅಲ್ಲಿ ನಿಂತರು. ಸ್ವರವೇರಿಸದೆ ಎರಡು ಪ್ರಶ್ನೆ ಕೇಳಿದರು. ಇವರು ಕಾನ್‌ಸ್ಟನ್ಸ್‌ಳ ಮಕ್ಕಳೇ ಆಗಿದ್ದರೆ 1397ರ ಪಾರ್ಲಿಮೆಂಟು ಇವರನ್ನು ಔರಸರೆಂದು ಘೋಷಿಸಬೇಕಾಗಿ ಬಂದದ್ದೇಕೆ? ಅವಳಿಗೆ ಬದುಕಿದ್ದ ಗಂಡುಮಕ್ಕಳು ಮೂವರಿದ್ದರೆ, 1388ರಲ್ಲಿ ಗಾಂಟ್ ಕ್ಯಾಸ್ಟೀಲಿನ ಹಕ್ಕನ್ನು ಬಿಟ್ಟುಕೊಟ್ಟು, ಮಗಳನ್ನು ಎದುರಾಳಿಯ ಮಗನಿಗೆ ಕೊಟ್ಟು ರಾಜಿಯಾದದ್ದೇಕೆ? ನಾನು ಮ್ಯೂಟ್ ತೆಗೆದೆ, ಮತ್ತೆ ಹಾಕಿದೆ. ಎಡಿಟ್ ಹಿಸ್ಟರಿಯಲ್ಲಿ ನನ್ನ ಹೆಸರು ಎಲ್ಲರ ಸ್ಕ್ರೀನಿನ ಮೇಲೂ ಇತ್ತು. ಆಗ ಟಿಪ್ಪಣಿಯ ಕಾಲಂ ಎಳೆದೆ. ಕ್ಯಾಥರೀನ್ ಮೊದಲು ಬ್ಲಾಂಚ್‌ಳ ಹೆಣ್ಣುಮಕ್ಕಳನ್ನು ನೋಡಿಕೊಳ್ಳುತ್ತಿದ್ದವಳು, ಆಮೇಲೆ ಡ್ಯೂಕನ ಪ್ರೇಯಸಿ, ಮಕ್ಕಳು ಮದುವೆಗೆ ಮುಂಚಿನವರು, ಪೋಪ್ ಮತ್ತು ಪಾರ್ಲಿಮೆಂಟು ಆಮೇಲೆ ಒಪ್ಪಿಕೊಂಡರು ಎಂದು ಎಂಟ್ರಿ ಮಾಡಿದವರು ನೀಟಾಗಿ ಬರೆದಿಟ್ಟಿದ್ದರು.

ಓದಿ ಹೇಳುವಾಗ ಗಂಟಲು ಕಟ್ಟಿತು. ಹಾನಿ ನಾಲ್ಕು ಸಾಲಿಗೆ ನಿಂತಿರಲಿಲ್ಲ. ಬ್ಲಾಂಚ್‌ಳ ಮಗ ನಾಲ್ಕನೆಯ ಹೆನ್ರಿ ದೊರೆ 1407ರಲ್ಲಿ ತನ್ನ ಈ ಮಲಸಹೋದರರ ಮಾನ್ಯತೆಯನ್ನು ಖಚಿತಪಡಿಸುವಾಗ, ರಾಜಪದವಿಯೊಂದನ್ನು ಹೊರತುಪಡಿಸಿ ಎಂಬ ಮಾತನ್ನು ಸೇರಿಸಿದ್ದ. ನನ್ನ ಮರದಲ್ಲಿ ಆ ಷರತ್ತಿಗೆ ಅರ್ಥವೇ ಉಳಿದಿರಲಿಲ್ಲ. ಹಿರಿಯ ಬೋಫರ್ಟ್‌ನ ಮೊಮ್ಮಗಳು ಮಾರ್ಗರೆಟ್, ಅವಳ ಮಗ ಏಳನೆಯ ಹೆನ್ರಿ. ಜೋನ್‌ಳ ಮಗಳು ಸೆಸಿಲಿ, ಅವಳ ಮಗ ಮೂರನೆಯ ರಿಚರ್ಡ್. 1485ರಲ್ಲಿ ಬಾಸ್ವರ್ತ್ ಯುದ್ಧದಲ್ಲಿ ಎದುರಾದ ಇಬ್ಬರೂ ನನ್ನ ಕೆಂಪು ಸಾಲುಗಳ ಕೆಳಗಿನವರು, ಇಬ್ಬರಿಗೂ ನಾನು ಒಂದೇ ಮಧ್ಯಾಹ್ನದಲ್ಲಿ ಕಾನ್‌ಸ್ಟನ್ಸ್‌ಳ ರಕ್ತ ಹಂಚಿದ್ದೆ.

ರೋಲ್‌ಬ್ಯಾಕ್‌ಗೆ, ಅಂದರೆ ನನ್ನ ಬದಲಾವಣೆಯನ್ನು ಹಿಂತೆಗೆಯಲು, ನಲವತ್ತು ನಿಮಿಷ ಹಿಡಿಯಿತು. ತಪ್ಪು ನನ್ನದೇ, ಆದರೂ ಒಂದು ಮಾತು: ಕೆಂಪು ಸಾಲುಗಳ ಸಂಖ್ಯೆಯನ್ನಷ್ಟೇ ಡ್ಯಾಶ್‌ಬೋರ್ಡಿನಲ್ಲಿ ನೋಡುವ ಮ್ಯಾನೇಜ್‌ಮೆಂಟಿಗೆ, ಸರಿಯಾದ ಸಾಲೂ ಕೆಂಪಾಗಿರಬಹುದೆಂದು ತಿಳಿಸಲು ನಾನು ಆರು ತಿಂಗಳು ದೂರಿನ ಟಿಕೆಟ್ ಮೇಲೆ ಟಿಕೆಟ್ ಹಾಕಬೇಕಾಯಿತು. ಕೊನೆಗೆ ಆ ರೂಲನ್ನು ಎರರ್‌ನಿಂದ ವಾರ್ನಿಂಗ್‌ಗೆ ಇಳಿಸಿದರು. ನಾನು ಕೆಲಸ ಬಿಡುವಾಗ ನಾಲ್ಕೂ ಸಾಲುಗಳು ಹಳದಿಯಾಗಿದ್ದವು, ಮತ್ತು ಹೊಸದಾಗಿ ಸೇರಿದ ಹುಡುಗನೊಬ್ಬ ಅವನ್ನು ಸರಿಪಡಿಸಲೇ ಎಂದು ಚಾಟ್‌ನಲ್ಲಿ ಕೇಳಿದ್ದ.