ಸದ್ದಿನಲ್ಲಿ ಕ್ರಮ ಕಂಡ ಮಾತ್ರಕ್ಕೆ ಅದು ಮಾತಾಗುವುದೇ?

ಆಫ್ರಿಕಾದ ಸವನ್ನಾ ಆನೆಗಳು ತಮ್ಮ ಬಳಗದ ಒಂದೊಂದು ಆನೆಯನ್ನೂ ಬೇರೆಬೇರೆ ಕರೆಯಿಂದ ಕೂಗುತ್ತವೆ, ಆ ಕರೆ ಹೆಚ್ಚುಕಡಿಮೆ ಹೆಸರಿನಂತೆ ಕೆಲಸ ಮಾಡುತ್ತದೆ ಎಂದು ತೋರಿಸುವ ಪ್ರಬಂಧವೊಂದು 2024ರ ಜೂನ್ ತಿಂಗಳಲ್ಲಿ ‘ನೇಚರ್ ಇಕಾಲಜಿ ಅಂಡ್ ಎವಲ್ಯೂಷನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೈಕೆಲ್ ಪಾರ್ಡೊ, ಜಾಯ್ಸ್ ಪೂಲ್, ಜಾರ್ಜ್ ವಿಟೆಮೈರ್ ಮತ್ತು ಸಂಗಡಿಗರು ಬರೆದ ಈ ಪ್ರಬಂಧದಲ್ಲಿ ಯಂತ್ರಕಲಿಕೆಯ, ಎಂದರೆ ಉದಾಹರಣೆಗಳಿಂದ ಕಂಪ್ಯೂಟರ್ ತಾನೇ ಕ್ರಮವನ್ನು ಕಲಿಯುವ ವಿಧಾನದ, ಪಾತ್ರವಿದ್ದುದರಿಂದ, ಕೃತಕ ಬುದ್ಧಿಮತ್ತೆಯು ಆನೆಗಳ ಭಾಷೆಯನ್ನು ಬಿಡಿಸಿಬಿಟ್ಟಿತು ಎಂಬ ಧಾಟಿಯಲ್ಲಿ ಸುದ್ದಿ ಹರಡಿತು. ನಿಜವಾಗಿ ನಡೆದದ್ದು ಅದಕ್ಕಿಂತ ಸಣ್ಣದು. ಆದರೆ ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ಮನುಷ್ಯಭಾಷೆಯ ಅನನ್ಯತೆ ಎಲ್ಲಿದೆ ಎಂಬ ಹಳೆಯ ಪ್ರಶ್ನೆಯನ್ನು ಯೋಚಿಸಲು ಈ ಪ್ರಯೋಗದ ವಿವರಗಳಷ್ಟು ನೆರವಾಗುವ ವಸ್ತು ಇತ್ತೀಚೆಗೆ ನನಗೆ ಸಿಕ್ಕಿಲ್ಲ.

ಆನೆ ಎಂದಾಗ ನಮಗೆ ನೆನಪಾಗುವುದು ಘೀಳು. ಆದರೆ ಆನೆಗಳ ನಡುವಿನ ಒಡನಾಟದ ಹೆಚ್ಚಿನ ಪಾಲು ನಡೆಯುವುದು ಗಂಟಲಿನಿಂದ ಹೊರಡುವ ತಗ್ಗುದನಿಯ ಗುಡುಗುಡು ಸದ್ದಿನಲ್ಲಿ. ಅದರ ಒಂದಷ್ಟು ಭಾಗ ಮನುಷ್ಯನ ಕಿವಿಗೆ ನಿಲುಕದಷ್ಟು ಕೆಳಗಿನ ಕಂಪನಾಂಕದ್ದು. ಸಂಶೋಧಕರು ಕೀನ್ಯಾದ ಆಂಬೊಸೆಲಿ ಮತ್ತು ಸಾಂಬುರು ಪ್ರದೇಶಗಳಲ್ಲಿ 1986ರಿಂದ 2022ರವರೆಗಿನ ಅವಧಿಯಲ್ಲಿ ಧ್ವನಿಮುದ್ರಿಸಿದ ಇಂಥ 469 ಕರೆಗಳನ್ನು ಆಯ್ದುಕೊಂಡರು. ಪ್ರತಿಯೊಂದು ಕರೆಯ ವಿಚಾರದಲ್ಲೂ ಕೂಗಿದ ಆನೆ ಯಾವುದು, ಕೂಗಿಸಿಕೊಂಡ ಆನೆ ಯಾವುದು ಎಂಬುದು ಅವರಿಗೆ ಗೊತ್ತಿತ್ತು: ಕೂಗಿದವು 101, ಕೂಗಿಸಿಕೊಂಡವು 117. ಸದ್ದಿನ ಲಕ್ಷಣಗಳನ್ನಷ್ಟೇ ಕೊಟ್ಟು, ಇದು ಯಾರಿಗೆ ಹೇಳಿದ್ದು ಎಂದು ಊಹಿಸುವಂತೆ ಯಂತ್ರಕ್ಕೆ ಕಲಿಸಿದಾಗ ಅದು 27.5 ಶೇಕಡ ಸಲ ಸರಿಯಾಗಿ ಹೇಳಿತು. ಕರೆಗಳಲ್ಲಿ ಅಂಥ ಮಾಹಿತಿ ಇಲ್ಲದೇ ಹೋಗಿದ್ದರೆ ಅದು ಸರಿಹೋಗಬೇಕಾಗಿದ್ದದ್ದು ಸುಮಾರು 8 ಶೇಕಡ ಮಾತ್ರ.

ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು ಎಂಬ ಈ ಯಶಸ್ಸು ಕಡಿಮೆಯೆಂದು ಕೆಲವರಿಗೆ ಅನಿಸಬಹುದು. ಆದರೆ ಹೆಸರು ಪ್ರತಿಯೊಂದು ಕರೆಯಲ್ಲೂ ಇರಬೇಕೆಂದಿಲ್ಲ. ನಾವೂ ಎದುರಿಗಿದ್ದವರ ಹೆಸರನ್ನು ಪ್ರತಿ ಮಾತಿನಲ್ಲೂ ಹೇಳುವುದಿಲ್ಲ. ನನಗೆ ಮುಖ್ಯವಾಗಿ ಕಂಡದ್ದು ಆ ಅಂಕಿ ಅಲ್ಲ, ಅದರ ನಂತರ ಅವರು ಮಾಡಿದ ಕೆಲಸ. ಯಂತ್ರದ ಊಹೆಯನ್ನು ತೀರ್ಮಾನವೆಂದು ತೆಗೆದುಕೊಳ್ಳದೆ, ಮುದ್ರಿಸಿದ ಕರೆಗಳನ್ನು ಕಾಡಿಗೆ ಒಯ್ದು 17 ಆನೆಗಳಿಗೆ ಧ್ವನಿವರ್ಧಕದ ಮೂಲಕ ಕೇಳಿಸಿದರು. ಒಂದೇ ಆನೆ ಕೂಗಿದ ಎರಡು ಕರೆಗಳಲ್ಲಿ ತನಗೆಂದೇ ಕೂಗಿದ್ದನ್ನು ಕೇಳಿಸಿಕೊಂಡಾಗ ಆನೆ ಬೇಗ ಧ್ವನಿವರ್ಧಕದತ್ತ ನಡೆದುಬಂತು, ಬೇಗ ಮರುದನಿ ಕೊಟ್ಟಿತು. ಬೇರೆಯವರಿಗೆ ಕೂಗಿದ್ದನ್ನು ಕೇಳಿಸಿಕೊಂಡಾಗ ಅಷ್ಟು ಸ್ಪಂದಿಸಲಿಲ್ಲ. ಯಂತ್ರ ಗುರುತಿಸಿದ ವ್ಯತ್ಯಾಸ ಆನೆಗೂ ಒಂದು ವ್ಯತ್ಯಾಸವೇ ಎಂಬುದಕ್ಕೆ ಸಾಕ್ಷಿ ಸಿಕ್ಕಿದ್ದು ಇಲ್ಲಿ. ಇಷ್ಟಾದರೂ ಕರೆಯ ಯಾವ ಭಾಗ ಹೆಸರು ಎಂಬುದನ್ನು ಬೇರ್ಪಡಿಸಿ ತೋರಿಸಲು ಅವರಿಗೆ ಸಾಧ್ಯವಾಗಲಿಲ್ಲ, ಮತ್ತು ಅದನ್ನು ಅವರು ಪ್ರಬಂಧದಲ್ಲಿ ಸ್ಪಷ್ಟವಾಗಿಯೇ ಹೇಳಿದ್ದಾರೆ.

ಸದ್ದನ್ನು ಮರಳಿ ಕೇಳಿಸಿ ಪ್ರಾಣಿಯ ಉತ್ತರವನ್ನು ನೋಡುವ ಈ ಕ್ರಮ ಯಂತ್ರಕಲಿಕೆಯ ಈ ಕಾಲಕ್ಕಿಂತ ಹಳೆಯದು. 1980ರಲ್ಲಿ ರಾಬರ್ಟ್ ಸೇಫಾರ್ತ್, ಡೊರೊತಿ ಚೇನಿ ಮತ್ತು ಪೀಟರ್ ಮಾರ್ಲರ್ ಇದೇ ಆಂಬೊಸೆಲಿಯ ವರ್ವೆಟ್ ಕೋತಿಗಳ ಎಚ್ಚರಿಕೆಯ ಕೂಗುಗಳನ್ನು ಹೀಗೆಯೇ ಪರೀಕ್ಷಿಸಿದ್ದರು. ಚಿರತೆಯ ಕೂಗು ಕೇಳಿಸಿದರೆ ಕೋತಿಗಳು ಮರಕ್ಕೆ ಓಡಿದವು, ಹದ್ದಿನ ಕೂಗಿಗೆ ತಲೆಯೆತ್ತಿ ಆಕಾಶ ನೋಡಿದವು, ಹಾವಿನ ಕೂಗಿಗೆ ಹಿಂಗಾಲ ಮೇಲೆ ನಿಂತು ನೆಲವನ್ನು ಹುಡುಕಿದವು. ಚಿರತೆಯೂ ಇಲ್ಲ, ಹದ್ದೂ ಇಲ್ಲ, ಬರೀ ಸದ್ದು. ಆ ಸದ್ದಿಗೆ ಅರ್ಥವಿತ್ತು ಎಂದು ಹೇಳುವ ಹಕ್ಕು ಸಂಶೋಧಕರಿಗೆ ಬಂದದ್ದು ಕೋತಿಗಳ ನಡವಳಿಕೆಯಿಂದ.

ಈ ಹಕ್ಕು ಇನ್ನೂ ಸಿಗದ ಕಡೆ ದೊಡ್ಡ ಮಾತುಗಳನ್ನಾಡುತ್ತಿದ್ದೇವೆ ಎಂಬುದೇ ನನ್ನ ಆತಂಕ. ಕೆರಿಬಿಯನ್ ಸಮುದ್ರದ ಡೊಮಿನಿಕಾ ದ್ವೀಪದ ಸುತ್ತ ಬದುಕುವ ಸ್ಪರ್ಮ್ ತಿಮಿಂಗಿಲಗಳು ಕ್ಲಿಕ್ ಸದ್ದುಗಳ ಚಿಕ್ಕಚಿಕ್ಕ ಗುಂಪುಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುತ್ತವೆ. ಅಂಥ ಒಂದು ಗುಂಪಿಗೆ ಕೋಡಾ ಎಂದು ಹೆಸರು. ಪ್ರತ್ಯುಷಾ ಶರ್ಮಾ ಮತ್ತು ಸಂಗಡಿಗರು, 2020ರಲ್ಲಿ ಆರಂಭವಾದ ಪ್ರಾಜೆಕ್ಟ್ ಸೆಟಿ ಎಂಬ ತಿಮಿಂಗಿಲ ಸಂವಹನದ ಅಧ್ಯಯನ ಯೋಜನೆಯ ಭಾಗವಾಗಿ, 8,719 ಕೋಡಾಗಳನ್ನು ವಿಶ್ಲೇಷಿಸಿ 2024ರ ಮೇ ತಿಂಗಳಲ್ಲಿ ಪ್ರಕಟಿಸಿದ ಪ್ರಬಂಧ ಬೆರಗು ಹುಟ್ಟಿಸುವಂಥದ್ದು. ಅವುಗಳಲ್ಲಿ 18 ಬಗೆಯ ಲಯಗಳಿವೆ, 5 ಬಗೆಯ ಗತಿಗಳಿವೆ. ಜೊತೆಗೆ, ಎದುರಿನ ತಿಮಿಂಗಿಲದ ಕೋಡಾಕ್ಕೆ ಹೊಂದುವಂತೆ ತನ್ನ ಕೋಡಾದ ಅವಧಿಯನ್ನು ಮೆಲ್ಲನೆ ಹಿಗ್ಗಿಸುವ ಅಥವಾ ಕುಗ್ಗಿಸುವ ಪರಿಪಾಠವಿದೆ. ಕೆಲವೊಮ್ಮೆ ಕೊನೆಯಲ್ಲೊಂದು ಹೆಚ್ಚುವರಿ ಕ್ಲಿಕ್ ಸೇರುತ್ತದೆ. ಈ ಅಂಶಗಳು ಒಂದರೊಡನೊಂದು ಕೂಡಿ ದೊಡ್ಡ ಸಂಗ್ರಹವನ್ನೇ ಕಟ್ಟುತ್ತವೆ. ಲೇಖಕರು ಇದನ್ನು ‘ಧ್ವನಿಗಳ ವರ್ಣಮಾಲೆ’ ಎಂದು ಕರೆದರು. ವರ್ಣಮಾಲೆ ಎಂದೊಡನೆ ಓದುವವರ ಮನಸ್ಸು ಪದಕ್ಕೆ, ವಾಕ್ಯಕ್ಕೆ, ಕಥೆಗೆ ಹಾರಿಬಿಡುತ್ತದೆ. ಆದರೆ ಆ ಪ್ರಬಂಧ ತೋರಿಸಿದ್ದು ಸದ್ದುಗಳ ರಚನೆಯನ್ನು ಮಾತ್ರ. ಒಂದು ಕೋಡಾದ ಬದಲು ಇನ್ನೊಂದನ್ನು ಕೇಳಿಸಿದರೆ ತಿಮಿಂಗಿಲ ಬೇರೆ ರೀತಿ ನಡೆದುಕೊಳ್ಳುತ್ತದೆ ಎಂಬುದನ್ನು ಅದು ತೋರಿಸಿಲ್ಲ. ಸಂಗೀತದಲ್ಲಿಯೂ ಲಯವಿದೆ, ಗತಿಯಿದೆ, ಅಂಶಗಳ ಜೋಡಣೆಯಿದೆ. ಅದು ವಾಕ್ಯದಂತೆ ಏನನ್ನೂ ಹೇಳುವುದಿಲ್ಲ.

ಕೃತಕ ಬುದ್ಧಿಮತ್ತೆಯಿಂದ ಪ್ರಾಣಿಗಳ ಸದ್ದನ್ನು ಅನುವಾದಿಸಬಹುದೆಂಬ ಆಸೆ ಹುಟ್ಟಿದ್ದಕ್ಕೆ ಒಂದು ತಾಂತ್ರಿಕ ಕಾರಣವಿದೆ. 2017ರಲ್ಲಿ ಎರಡು ಸಂಶೋಧನಾ ತಂಡಗಳು, ಯಾವ ನಿಘಂಟೂ ಎರಡೂ ಭಾಷೆಗಳಲ್ಲಿರುವ ಸಮಾನಾಂತರ ಪಠ್ಯವೂ ಇಲ್ಲದೆ ಒಂದು ಮನುಷ್ಯಭಾಷೆಯಿಂದ ಇನ್ನೊಂದಕ್ಕೆ ಒಂದು ಮಟ್ಟದ ಅನುವಾದ ಸಾಧ್ಯವೆಂದು ತೋರಿಸಿದವು. ಪದಗಳು ಯಾವ ಪದಗಳ ಒಡನಾಟದಲ್ಲಿ ಬರುತ್ತವೆ ಎಂಬುದನ್ನು ಲೆಕ್ಕ ಹಾಕಿ ಪ್ರತಿ ಭಾಷೆಗೂ ಒಂದು ನಕ್ಷೆಯನ್ನು ಕಟ್ಟಿದರೆ, ಆ ನಕ್ಷೆಗಳ ಆಕಾರ ಒಂದಕ್ಕೊಂದು ಹೋಲುತ್ತದೆ. ಒಂದರ ಮೇಲೊಂದನ್ನು ಇಟ್ಟು ಹೊಂದಿಸಬಹುದು. ಹೀಗಾಗುವುದಕ್ಕೆ ಮುಖ್ಯ ಕಾರಣ, ಆ ಭಾಷೆಗಳನ್ನಾಡುವವರೆಲ್ಲ ಒಂದೇ ಬಗೆಯ ದೇಹವುಳ್ಳವರು, ಒಂದೇ ಬಗೆಯ ಜಗತ್ತಿನಲ್ಲಿ ಬದುಕುವವರು. ತಾಯಿ, ನೀರು, ಬೆಂಕಿ, ಹಸಿವು, ಸಾವು ಎಲ್ಲ ಭಾಷೆಗಳಲ್ಲೂ ಹತ್ತಿರ ಹತ್ತಿರದ ನೆಂಟಸ್ತಿಕೆಯಲ್ಲಿ ಇರುತ್ತವೆ. ಸಾವಿರ ಮೀಟರಿಗಿಂತ ಆಳದ ಕತ್ತಲೆಗೆ ಇಳಿದು, ತಾನೇ ಹೊರಡಿಸಿದ ಸದ್ದಿನ ಪ್ರತಿಧ್ವನಿಯಿಂದ ಬೇಟೆಯನ್ನು ಹುಡುಕುವ ಪ್ರಾಣಿಯ ಜಗತ್ತಿನ ನಕ್ಷೆ ನಮ್ಮದರ ಮೇಲೆ ಕೂತೀತೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ಸಾಮಗ್ರಿಯ ಕೊರತೆಯೂ ದೊಡ್ಡದು. ವಾಕ್ಯಗಳನ್ನು ರಚಿಸುವ 2020ರ ಜಿಪಿಟಿ-3 ಎಂಬ ಭಾಷಾ ಮಾದರಿಯ ತರಬೇತಿಗೆ ಬಳಸಿದ್ದು 30,000 ಕೋಟಿ ಪದತುಣುಕುಗಳು. ತಿಮಿಂಗಿಲದ ಅಧ್ಯಯನಕ್ಕಿದ್ದುದು ಒಂಬತ್ತು ಸಾವಿರವನ್ನೂ ಮುಟ್ಟದ ಕೋಡಾಗಳು.

ಯಂತ್ರ ಕಂಡುಕೊಂಡ ವ್ಯತ್ಯಾಸವು ಪ್ರಾಣಿಯದ್ದೇ ಆಗಿರಬೇಕಾಗಿಲ್ಲ ಎಂಬುದನ್ನೂ ಮರೆಯಬಾರದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕಗಳಿಗೆ ಉತ್ತರ ಹೇಳುತ್ತದೆಂದು ಹೆಸರಾಗಿತ್ತು. ಪ್ರಶ್ನೆ ಕೇಳಿದವರಿಗೇ ಅರಿವಿಲ್ಲದಂತೆ ಅವರ ತಲೆ ಮತ್ತು ಮೈಯ ಸಣ್ಣ ಚಲನೆಗಳನ್ನು ಗಮನಿಸಿ ಅದು ಬಡಿಯುವುದನ್ನು ನಿಲ್ಲಿಸುತ್ತಿತ್ತೆಂದು ಆಸ್ಕರ್ ಫುಂಗ್ಸ್ಟ್ 1907ರಲ್ಲಿ ತೋರಿಸಿಕೊಟ್ಟರು. ಯಂತ್ರಕಲಿಕೆಯೂ ಇದೇ ಬಗೆಯ ಅಡ್ಡದಾರಿಯನ್ನು ಸುಲಭವಾಗಿ ಹಿಡಿಯುತ್ತದೆ: ಒಂದು ಆನೆಯ ಕರೆಗಳೆಲ್ಲ ಒಂದೇ ದಿನ, ಒಂದೇ ಮೈಕಿನಲ್ಲಿ ಮುದ್ರಿತವಾಗಿದ್ದರೆ ಅದು ಕಲಿಯುವುದು ಆನೆಯನ್ನಲ್ಲ, ಆ ದಿನದ ಗಾಳಿಯ ಸದ್ದನ್ನು.

ಹಾಗಿದ್ದರೆ ಮನುಷ್ಯಭಾಷೆಯ ಅನನ್ಯತೆ ಎಲ್ಲಿದೆ? ಯಾವುದೋ ಒಂದು ಲಕ್ಷಣವನ್ನು ಆರಿಸಿ ಬೇಲಿ ಹಾಕುವ ಪ್ರಯತ್ನಗಳು ಒಂದೊಂದಾಗಿ ಸೋತಿವೆ. ಕಣ್ಣೆದುರಿಗೆ ಇಲ್ಲದ್ದರ ಬಗ್ಗೆ ಹೇಳುವ ಶಕ್ತಿ ನಮ್ಮದು ಮಾತ್ರ ಎನ್ನುವಂತಿಲ್ಲ. ಜೇನ್ನೊಣ ತನ್ನ ಕುಣಿತದಿಂದ ದೂರದ ಹೂವಿನ ದಿಕ್ಕನ್ನೂ ದೂರವನ್ನೂ ತಿಳಿಸುತ್ತದೆ, ಅದನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ 1973ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಸಂಜ್ಞೆಗಳ ಅನುಕ್ರಮಕ್ಕೆ ಬೆಲೆಯಿರುವುದೂ ನಮ್ಮಲ್ಲಿ ಮಾತ್ರವಲ್ಲ: ಜಪಾನಿನ ಟಿಟ್ ಹಕ್ಕಿಗಳು ‘ಅಪಾಯವಿದೆ, ಸುತ್ತ ನೋಡು’ ಎಂಬ ಕೂಗಿನ ಹಿಂದೆ ‘ಹತ್ತಿರ ಬಾ’ ಎಂಬ ಕೂಗನ್ನು ಸೇರಿಸಿದರೆ ಕೇಳಿದ ಹಕ್ಕಿಗಳು ಎರಡನ್ನೂ ಮಾಡುತ್ತವೆ, ಅದೇ ಕೂಗುಗಳನ್ನು ಹಿಂದುಮುಂದು ಮಾಡಿ ಕೇಳಿಸಿದರೆ ಅಷ್ಟಾಗಿ ಸ್ಪಂದಿಸುವುದಿಲ್ಲ ಎಂದು ತೊಶಿತಾಕ ಸುಝುಕಿ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದರು. 2025ರಲ್ಲಿ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ಕೊಕೊಲೊಪೊರಿಯಲ್ಲಿರುವ, ಚಿಂಪಾಂಜಿಗೆ ಹತ್ತಿರದ ವಾನರಗಳಾದ ಬೊನೊಬೊಗಳ ಸುಮಾರು 700 ಧ್ವನಿಮುದ್ರಣಗಳ ಅಧ್ಯಯನವು, ಒಂದು ಕೂಗು ಮತ್ತೊಂದರ ಅರ್ಥವನ್ನು ಮಾರ್ಪಡಿಸುವಂಥ ಜೋಡಣೆಗಳು ಅವುಗಳಲ್ಲಿ ಇವೆಯೆಂದು ಹೇಳಿತು. ಇವು ಹೆಮ್ಮೆ ಕುಂದಿಸುವ ಸಂಗತಿಗಳೆಂದು ನಾನು ಭಾವಿಸುವುದಿಲ್ಲ. ನಮ್ಮ ಭಾಷೆ ಎಲ್ಲಿಂದ ಬಂದೀತೆಂಬುದಕ್ಕೆ ಇವು ಗುರುತುಗಳು.

ಆದರೂ ಅಂತರ ಅಗಾಧವಾದದ್ದೇ. ಸನ್ನೆಭಾಷೆ ಕಲಿಸಿದ ನಿಮ್ ಎಂಬ ಚಿಂಪಾಂಜಿಯ ಸಂಜ್ಞೆಗಳನ್ನು ಹರ್ಬರ್ಟ್ ಟೆರೇಸ್ 1979ರಲ್ಲಿ ವಿಶ್ಲೇಷಿಸಿದಾಗ, ಅದರ ಅತಿ ಉದ್ದದ ‘ಮಾತು’ 16 ಸಂಜ್ಞೆಗಳದ್ದಾಗಿತ್ತು: ಕೊಡು, ಕಿತ್ತಳೆ, ನಾನು, ತಿನ್ನು, ನೀನು ಎಂಬ ಐದೇ ಸಂಜ್ಞೆಗಳು ಹಿಂದುಮುಂದಾಗಿ ಮತ್ತೆಮತ್ತೆ ಬರುತ್ತಿದ್ದವು. ಉದ್ದ ಹೆಚ್ಚಿದರೂ ವಿಷಯ ಹೆಚ್ಚಲಿಲ್ಲ. ಇದರ ಪಕ್ಕದಲ್ಲಿ ನಮ್ಮ ಮನೆಗಳ ಎರಡೂವರೆ ವರ್ಷದ ಮಗುವನ್ನು ಇಡೋಣ. ನನ್ನ ಅಕ್ಕನ ಮಗಳು ಆ ವಯಸ್ಸಿನಲ್ಲಿ ‘ನಾನು ಅಜ್ಜಿಗೆ ಕೊಡಿದೆ’ ಎನ್ನುತ್ತಿದ್ದಳು. ಮನೆಯಲ್ಲಿ ಯಾರೂ ಹಾಗೆ ಹೇಳುವವರಿರಲಿಲ್ಲ, ಆದ್ದರಿಂದ ಅದು ಅನುಕರಣೆಯಾಗಿರಲು ಸಾಧ್ಯವಿಲ್ಲ. ಮಾಡು–ಮಾಡಿದೆ, ನೋಡು–ನೋಡಿದೆ ಎಂಬುದರಿಂದ ಒಂದು ನಿಯಮವನ್ನು ತಾನೇ ಕಟ್ಟಿಕೊಂಡು, ‘ಕೊಟ್ಟೆ’ ಎಂಬ ರೂಪದ ಮೇಲೂ ಅದನ್ನು ಹೇರಿದ್ದಳು. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು, ಆ ವಾಕ್ಯದಿಂದ ಅವಳು ಏನನ್ನೂ ಬೇಡುತ್ತಿರಲಿಲ್ಲ ಎಂಬುದು. ಆಗಿಹೋದದ್ದನ್ನು, ಅಲ್ಲಿಲ್ಲದ ನಮಗೆ, ಸುಮ್ಮನೆ ತಿಳಿಸುತ್ತಿದ್ದಳು. ಸ್ವಲ್ಪ ದಿನಕ್ಕೆ ‘ಯಾಕೆ’ ಶುರುವಾಯಿತು. ತರಬೇತಿ ಪಡೆದ ವಾನರಗಳ ಬಗ್ಗೆ ನಾನು ಓದಿದ ಬರಹಗಳಲ್ಲೆಲ್ಲ ಬೇಡಿಕೆಗಳು ತುಂಬಿವೆ. ‘ಯಾಕೆ’ ಎಂಬ ಪ್ರಶ್ನೆ ನನಗೆ ಎದುರಾಗಿಲ್ಲ.

ಭಾಷೆಯನ್ನು ಕಲಿಸಲು ಯಾರೂ ಇಲ್ಲದಿದ್ದರೆ ಮಕ್ಕಳು ಅದನ್ನು ಹುಟ್ಟಿಸಲೂ ಬಲ್ಲರು. ನಿಕರಾಗುವಾದ ಮನಾಗುವಾ ನಗರದಲ್ಲಿ 1970ರ ದಶಕದ ಕೊನೆಯಲ್ಲಿ ಕಿವುಡ ಮಕ್ಕಳನ್ನು ಒಂದೆಡೆ ಸೇರಿಸಿದ ಶಾಲೆಯಲ್ಲಿ, ಶಿಕ್ಷಕರು ಸ್ಪ್ಯಾನಿಷ್ ಕಲಿಸಲು ಪ್ರಯತ್ನಿಸುತ್ತಿದ್ದಾಗ, ಮಕ್ಕಳು ತಮ್ಮ ಮನೆಗಳ ಸನ್ನೆಗಳನ್ನು ಕೂಡಿಸಿಕೊಂಡು ಹೊಸದೊಂದು ಸನ್ನೆಭಾಷೆಯನ್ನು ಕಟ್ಟಿದರು. ಅವರ ನಂತರ ಬಂದ ಕಿರಿಯ ಮಕ್ಕಳು ಅದಕ್ಕೆ ಇನ್ನೂ ಬಿಗಿಯಾದ ವ್ಯಾಕರಣವನ್ನು ಕೊಟ್ಟರು. ನಿರರ್ಗಳವಾಗಿ ವಾಕ್ಯ ರಚಿಸುವ ಯಂತ್ರಗಳು ಬಂದಮೇಲೆ ಮನುಷ್ಯನ ಅನನ್ಯತೆ ಮುಗಿಯಿತೆನ್ನುವವರಿಗೆ ನಾನು ಈ ಶಾಲೆಯನ್ನು ನೆನಪಿಸಲು ಬಯಸುತ್ತೇನೆ. ಭಾಷಾ ಮಾದರಿಗಳು ಕಲಿತದ್ದು ಮನುಷ್ಯರು ಬರೆದಿಟ್ಟ ರಾಶಿಯಿಂದ. ಹತ್ತು ವರ್ಷದ ಮಗು ಅಷ್ಟರವರೆಗೆ ಕೇಳಿರಬಹುದಾದ ಮಾತು ಹೆಚ್ಚೆಂದರೆ ಸುಮಾರು 10 ಕೋಟಿ ಪದಗಳು, ಮಾದರಿಗಳು ನುಂಗಿದ್ದು ಅದರ ಸಾವಿರಾರು ಪಟ್ಟು. ಆದರೂ ಅವುಗಳಿಂದ ನಾವು ಕಲಿಯಬೇಕಾದ ದೊಡ್ಡ ವಿಷಯವೊಂದಿದೆ: ಹೇಳಬೇಕೆಂಬ ಅಗತ್ಯ ತನಗೇ ಇಲ್ಲದ ಯಂತ್ರವೂ ಕೇವಲ ಕ್ರಮದ ಬಲದಿಂದ ಸರಿಯಾದ ವಾಕ್ಯಗಳನ್ನು ಹೊರಡಿಸಬಲ್ಲದು. ಆನೆಯಲ್ಲಿ ಇದಕ್ಕೆ ತಿರುಗಾದ ಸ್ಥಿತಿ. ಮರಿಯನ್ನು ಸಂತೈಸುವ, ದೂರ ಹೋದ ಒಡನಾಡಿಯನ್ನು ಹುಡುಕುವ ಅಗತ್ಯ ಅದಕ್ಕೆ ನಿಜವಾಗಿಯೂ ಇದೆ, ವಾಕ್ಯರಚನೆ ಇಲ್ಲ. ಮನುಷ್ಯರಲ್ಲಿ ಎರಡೂ ಬೆಸೆದಿವೆ. ಕ್ರಮ ಕಂಡುಹಿಡಿಯುವುದರಲ್ಲಿ ನಿಸ್ಸೀಮವಾದ ಯಂತ್ರವೇ ಕ್ರಮ ಮತ್ತು ಅರ್ಥ ಬೇರೆಬೇರೆ ಎಂಬುದಕ್ಕೆ ಪುರಾವೆಯಾಗಿರುವಾಗ, ತಿಮಿಂಗಿಲದ ಕ್ಲಿಕ್ಕುಗಳಲ್ಲಿ ಕ್ರಮ ಸಿಕ್ಕಿದೊಡನೆ ಅರ್ಥವೂ ಸಿಕ್ಕಿತೆಂದು ಹೇಳುವುದು ಸರಿಯಲ್ಲ.

ಇದು ಕೇವಲ ತರ್ಕದ ವಿಷಯವಲ್ಲ. ತಿಮಿಂಗಿಲದಂತೆ, ಡಾಲ್ಫಿನ್‌ನಂತೆ ಸದ್ದು ಹೊರಡಿಸುವ ಮಾದರಿಗಳನ್ನು ಈಗಾಗಲೇ ತಯಾರಿಸುತ್ತಿದ್ದಾರೆ. ಬಹಾಮಾಸ್‌ನಲ್ಲಿ 1985ರಿಂದ ನಡೆದಿರುವ ಡಾಲ್ಫಿನ್ ಅಧ್ಯಯನದ ಮುದ್ರಣಗಳನ್ನು ಬಳಸಿ ಗೂಗಲ್ 2025ರಲ್ಲಿ ಅಂಥದ್ದೊಂದನ್ನು ಪ್ರಕಟಿಸಿತು. ಅರ್ಥ ತಿಳಿಯದ ಸದ್ದನ್ನು ಕಾಡಿನಲ್ಲೋ ಕಡಲಲ್ಲೋ ಬಿತ್ತರಿಸಿದರೆ ನಾವು ಹೇಳುತ್ತಿರುವುದೇನೆಂದು ನಮಗೇ ಗೊತ್ತಿರುವುದಿಲ್ಲ. ದಕ್ಷಿಣ ಪೆಸಿಫಿಕ್‌ನ ಹಂಪ್‌ಬ್ಯಾಕ್ ತಿಮಿಂಗಿಲಗಳ ಹೊಸ ಹಾಡುಗಳು ಒಂದು ಸಮುದಾಯದಿಂದ ಮತ್ತೊಂದಕ್ಕೆ ಸಾವಿರಾರು ಕಿಲೋಮೀಟರ್ ಹಬ್ಬುತ್ತವೆಂಬುದು ದಾಖಲಾಗಿದೆ. ಯಂತ್ರದ ಹಾಡೊಂದು ಹಾಗೆ ಹಬ್ಬಿದರೆ ಅದನ್ನು ಹಿಂದಕ್ಕೆ ಪಡೆಯುವ ದಾರಿಯಿಲ್ಲ. ಆನೆಯ ಪ್ರಯೋಗದಲ್ಲಿ ಕೇಳಿಸಿದ್ದು ಆಯಾ ಬಳಗದ ಆನೆಯ ನಿಜವಾದ ಕರೆಗಳನ್ನು, ಕೆಲವೇ ಸಲ. ಆ ಸಂಯಮವೇ ನಿಯಮವಾಗಬೇಕು.

2023ರ ಗಣತಿಯ ಅಂದಾಜಿನಂತೆ ಕರ್ನಾಟಕದ ಕಾಡುಗಳಲ್ಲಿ 6,395 ಆನೆಗಳಿದ್ದವು. ಅವು ಏಷ್ಯಾದ ಆನೆಗಳು, ಬೇರೆಯೇ ಪ್ರಭೇದ. ಕೀನ್ಯಾದ ಫಲಿತಾಂಶವನ್ನು ನಾಗರಹೊಳೆಗೋ ಬಂಡೀಪುರಕ್ಕೋ ಹಾಗೆಯೇ ಹೊಂದಿಸುವಂತಿಲ್ಲ. ಇಲ್ಲಿಯೂ ಅಂಥ ಅಧ್ಯಯನ ನಡೆಯಬೇಕೆಂಬುದು ನನ್ನ ಆಸೆ, ಮತ್ತು ಅದಕ್ಕೆ ಮೊದಲು ಬೇಕಾದದ್ದು ಪ್ರಬಲವಾದ ಕಂಪ್ಯೂಟರ್ ಅಲ್ಲ. ಯಾವ ಆನೆ ಕೂಗಿತು, ಯಾವ ಆನೆಗೆ ಕೂಗಿತು ಎಂದು ಬರೆದಿಡಬಲ್ಲವರು ಬೇಕು; ಕಿವಿಯ ಅಂಚಿನ ಹರಕು, ದಂತದ ಬಾಗು ನೋಡಿ ಒಂದೊಂದು ಆನೆಯನ್ನೂ ಗುರುತಿಸುವಷ್ಟು ವರ್ಷ ಅವರು ಕಾಡಿನಲ್ಲಿ ಉಳಿಯುವಂತೆ ಸಂಬಳ, ವಾಹನ ಮತ್ತು ಅನುಮತಿ ಬೇಕು. ಕೀನ್ಯಾದಲ್ಲಿ ಆ ದಾಖಲೆ ಬೆಳೆಯಲು ಹಿಡಿದದ್ದು ಮೂರೂವರೆ ದಶಕ.