ಬೆಂಗಳೂರಿಗಿಂತ ಕುಳ್ಳ ಬೆಟ್ಟ, ಒಂಬತ್ತು ಗಂಟೆ ನಡಿಗೆ

ಸ್ಕಾಟ್ಲೆಂಡಿನ ಸುಲ್ವೆನ್ ಬೆಟ್ಟದ ಎತ್ತರ 731 ಮೀಟರ್. ನಮ್ಮ ಬೆಂಗಳೂರೇ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಕುಮಾರಪರ್ವತ ಹತ್ತಿ ಇಳಿದವನಿಗೆ ಇದ್ಯಾವ ಲೆಕ್ಕ ಅಂದುಕೊಂಡೆ. ಮೋಸ ಹೋಗಿದ್ದು ಅಲ್ಲೇ. ಇಲ್ಲಿ ನಡಿಗೆ ಶುರುವಾಗುವುದೇ ಹೆಚ್ಚುಕಡಿಮೆ ಸಮುದ್ರದ ಮಟ್ಟದಿಂದ. ಏರು ಸಿಗುವ ಮೊದಲೇ ಆರೇಳು ಕಿಲೋಮೀಟರ್ ಸವೆಸಬೇಕು. ಹೋಗಿಬರಲು ಒಟ್ಟು 20 ಕಿಲೋಮೀಟರ್.

ಬುಡದ ಊರು ಲಾಕಿನ್ವರ್. ಬಸ್ ತೀರಾ ಕಡಿಮೆ, ಕಾರು ಇದ್ದರೆ ಒಳ್ಳೆಯದು. ಊರಲ್ಲಿ ರೂಮಿಗೆ 140 ಪೌಂಡ್ ಕೊಟ್ಟೆ. ಫೋಟೋದಲ್ಲಿ ಕಿಟಕಿ ತುಂಬಾ ಬೆಟ್ಟ ಇತ್ತು. ನನಗೆ ಸಿಕ್ಕ ಕಿಟಕಿಯಲ್ಲಿ ಕಸದ ಡಬ್ಬಗಳು. ತಿಂಡಿ ಎಂಟೂವರೆಗಂತೆ! ಬೆಟ್ಟ ಹತ್ತುವವರು ಅಷ್ಟು ಹೊತ್ತು ಕೂರುತ್ತಾರಾ? ದಾರಿಯಲ್ಲಿ ಸುಲೇಗ್ ಎಂಬ ಪುಟ್ಟ ಕಲ್ಲುಮನೆ ಇದೆ. ಯಾರು ಬೇಕಾದರೂ ಪುಕ್ಕಟೆ ಮಲಗಬಹುದು, ಕರೆಂಟ್ ಇಲ್ಲ. ಗೊರಕೆ ಹೊಡೆಯುವವರ ಜೊತೆ ನನಗೆ ನಿದ್ದೆ ಬರಲ್ಲ ಅಂತ ಬಿಟ್ಟೆ. ಈಗ ಅನಿಸುತ್ತದೆ, ಗೊರಕೆಯೇ ವಾಸಿಯಿತ್ತು.

ಆ ರೂಮಿನ ಸಿಟ್ಟು ಇಳಿಸಿದ್ದು ಲಾಕಿನ್ವರ್ ಲಾರ್ಡರ್ ಎಂಬ ತಿಂಡಿಯಂಗಡಿಯ ಪೈ. ನಮ್ಮ ಕಡುಬಿನ ದೊಡ್ಡಣ್ಣ ಅನ್ನಿ. ಗರಿಗರಿ ಹಿಟ್ಟಿನ ಕವಚ, ಒಳಗೆ ಹೊಗೆಯಾಡುವ ಹೂರಣ. ಜಿಂಕೆ ಮಾಂಸದ್ದು ಹೆಸರುವಾಸಿ. ಸಸ್ಯಾಹಾರಿಗಳಿಗೂ ಉಂಟು, ನಾನು ತಿಂದಿದ್ದು ಅದನ್ನೇ. ಖಾರ ಸಾಲದೆ ಮನೆಯ ಚಟ್ನಿಪುಡಿ ಉದುರಿಸಿಕೊಂಡೆ. ಪಕ್ಕದ ಮೇಜಿನ ಅಜ್ಜಿ ಏನದು ಅಂದರು, ಒಂದು ಚಿಟಿಕೆ ಕೊಟ್ಟೆ. ಪಾಪ, ಎರಡು ಲೋಟ ನೀರು ಕುಡಿದರು. ಪೈಗಳನ್ನು ಅಂಚೆಯಲ್ಲೂ ಕಳಿಸುತ್ತಾರೆ. ನೀವು ಎರಡು ಕೊಳ್ಳಿ, ಒಂದು ಬುತ್ತಿಗೆ.

ಕಾಲುದಾರಿಯನ್ನು ಕೆಲ ವರ್ಷಗಳ ಹಿಂದೆ ರಿಪೇರಿ ಮಾಡಿದ್ದಾರೆ, ಆದರೂ ಅಲ್ಲಲ್ಲಿ ಕೆಸರು. ಕೊನೆಯ ಏರು ನೇರ ಗೋಡೆಯಂತೆ, ಕಾಲಡಿ ಸಡಿಲ ಕಲ್ಲು. ಅದು ಮುಗಿದರೆ ಏಣು. ಅದರ ಅಡ್ಡಕ್ಕೆ ಗಾರೆಯಿಲ್ಲದ ಕಲ್ಲುಗೋಡೆ! ಅಷ್ಟೆತ್ತರದಲ್ಲಿ ಯಾವ ಪುಣ್ಯಾತ್ಮ ಕಟ್ಟಿದನೋ. ಅಲ್ಲಿಂದ ಪಶ್ಚಿಮದ ತುದಿಗೆ ಹೋಗಿ. ಪೂರ್ವದ ಶಿಖರ ಬಂಡೆ ಹತ್ತಿ ಪಳಗಿದವರಿಗೆ ಮಾತ್ರ. ತುದಿಯಲ್ಲಿ ಹುಲ್ಲುಹಾಸು, ಸುತ್ತ ಲೆಕ್ಕವಿಲ್ಲದಷ್ಟು ಕೆರೆಗಳು, ಆಚೆ ಕಡಲು. ಒಂದು ಗಂಟೆಯಲ್ಲಿ ನಾನು ಕಂಡ ಜನ ಇಬ್ಬರು. ನನಗೆ ಅದೇ ಬೇಕಿತ್ತು.

ಬೇಸಿಗೆಯಲ್ಲಿ ಹೋದರೆ ಮುಖಕ್ಕೆ ಬಲೆ ಇರಲಿ. ಗಾಳಿ ನಿಂತರೆ ಮಿಜ್ ಎಂಬ ಗುಂಗುರು ಮುತ್ತುತ್ತದೆ. ಮಲೆನಾಡಿನ ಇಂಬಳವಾದರೂ ಉಪ್ಪಿಗೆ ಬಗ್ಗುತ್ತದೆ, ಇದು ಯಾವುದಕ್ಕೂ ಬಗ್ಗಲ್ಲ. ಜೂನಿನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಇಳಿಯುವಾಗ ಅವಸರ ಬೇಡ. ನಾನು ಅವಸರ ಮಾಡಿ ಮಂಡಿ ತರಚಿಕೊಂಡೆ.