ಡಿಸ್ಚಾರ್ಜಿಗೆ ಮುಂಚೆ ಇನ್ನೊಂದು ಎಕೋ

ಉಸಿರು ಕಟ್ಟಿ ಎಮರ್ಜೆನ್ಸಿಗೆ ಬಂದ ಹಾರ್ಟ್ ಫೇಲ್ಯೂರ್ ರೋಗಿಗೆ ಮೊದಲ ಗಂಟೆಯಲ್ಲೇ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿ ‘ಸಿವಿಯರ್ ಎಂಆರ್’ (ಎಡಗಡೆಯ ಮೈಟ್ರಲ್ ಕವಾಟದಲ್ಲಿ ಜೋರು ಲೀಕ್) ಎಂದು ಬರೆಯುತ್ತೇವೆ. ಮನೆಗೆ ಹೋಗುವ ದಿನದವರೆಗೂ ಕೇಸ್ ಶೀಟಿನಲ್ಲಿ ಅದೇ ಇರುತ್ತದೆ. ಆ ಒಂದು ಎಕೋ ನಂಬಿ ಮನೆಯವರಿಗೆ ಮುಂದಿನ ಮಾತು ಹೇಳಬಾರದು.

ಇಂಥವರಲ್ಲಿ ಹಲವರ ಕವಾಟದ ದಳಗಳಿಗೆ ಏನೂ ಆಗಿರುವುದಿಲ್ಲ. ಎಡ ಹೃತ್ಕುಕ್ಷಿ ಉಬ್ಬಿ, ದಳಗಳನ್ನು ಹಿಡಿದಿಡುವ ಪ್ಯಾಪಿಲರಿ ಸ್ನಾಯುಗಳು ಪಕ್ಕಕ್ಕೆ ಸರಿದು ಅವನ್ನು ಕೆಳಕ್ಕೆ ಜಗ್ಗುತ್ತವೆ. ಮೇಲಿನ ಬಿಪಿ 190 ಇದ್ದರೆ ರಕ್ತ ಮಹಾಪಧಮನಿಗೆ ಹೋಗುವ ಬದಲು ಹಿಂದಕ್ಕೇ ಹೆಚ್ಚು ನುಗ್ಗುತ್ತದೆ. ನೈಟ್ರೋಗ್ಲಿಸರಿನ್‌ನಿಂದ ಬಿಪಿ ಇಳಿದು (ಮೇಲಿನದು 110 ದಾಟಿದ್ದರೆ ಮಾತ್ರ ಕೊಡಿ), ಫ್ಯೂರೋಸೆಮೈಡ್‌ನಿಂದ (ಲಾಸಿಕ್ಸ್) ಮೂತ್ರವಾಗಿ ನೀರು ಹೋದರೆ ಅದೇ ಲೀಕ್ ‘ಮೈಲ್ಡ್’ ಆಗಬಹುದು. ಇಷ್ಟಾದರೂ ಇಳಿಯದ ಲೀಕ್ ಇದ್ದವರಲ್ಲೇ ಮತ್ತೆ ದಾಖಲಾಗುವ, ಸಾಯುವ ಅಪಾಯ ಹೆಚ್ಚು.

ಎರಡನೇ ಎಕೋ ಅವಸರದಲ್ಲಿ ಬೇಡ. ಲಾಸಿಕ್ಸ್ ಇಂಜೆಕ್ಷನ್ ಕೊಟ್ಟ 2 ಗಂಟೆಗೆ ಮೂತ್ರದ ಸೋಡಿಯಂ ಲೀಟರಿಗೆ 50 ಮಿಲಿಮೋಲಿಗಿಂತ ಕಡಿಮೆ, ಅಥವಾ ಮೊದಲ 6 ಗಂಟೆಯಲ್ಲಿ ಮೂತ್ರ ಗಂಟೆಗೆ 100 ಮಿಲೀ ಮುಟ್ಟಿಲ್ಲ ಎಂದರೆ ಡೋಸ್ ಸಾಲಲಿಲ್ಲ, ದ್ವಿಗುಣ ಮಾಡಬೇಕು. ತೂಕ ಇಳಿಯುವುದು ನಿಂತು, ಮಾತ್ರೆಗೆ ಬದಲಾದ ಮೇಲೆ ಎಕೋ ಮಾಡಿ. ರಕ್ತದ ವೇಗವನ್ನು ಬಣ್ಣದಲ್ಲಿ ತೋರಿಸುವ ಕಲರ್ ಸ್ಕೇಲ್ ಎರಡೂ ಸಲ ಸೆಕೆಂಡಿಗೆ 50–60 ಸೆಂಮೀ ಇರಲಿ. ಇಳಿಸಿದರೆ ಸಣ್ಣ ಜೆಟ್ (ಸೋರುವ ರಕ್ತದ ಧಾರೆ) ಕೂಡ ದೊಡ್ಡದಾಗಿ ಕಾಣುತ್ತದೆ. ಪಕ್ಕದಲ್ಲಿ ಆಗಿನ ಬಿಪಿ, ನಾಡಿ ಬರೆಯಿರಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಗೋಡೆಗೆ ಅಂಟಿ ಹರಿಯುವ ಜೆಟ್ ಕಣ್ಣಿಗೆ ಚಿಕ್ಕದು, ಅದಕ್ಕೇ ವೀನಾ ಕಂಟ್ರಾಕ್ಟಾ (ಜೆಟ್ಟಿನ ಅತಿ ಕಿರಿದಾದ ಜಾಗದ ಅಗಲ) ಅಳೆಯಿರಿ: 7 ಮಿಮೀ ಮುಟ್ಟಿದರೆ ಸಿವಿಯರ್.

ಎಲ್ಲರೂ ಕಡೆಗಣಿಸುವುದು ಬಲಗಡೆಯ ಟ್ರೈಕಸ್ಪಿಡ್ ಕವಾಟದ ಲೀಕನ್ನು (ಟಿಆರ್). ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ಏರಿತೆಂದು ಲಾಸಿಕ್ಸ್ ನಿಲ್ಲಿಸಿಬಿಡುತ್ತಾರೆ. ಎಷ್ಟೋ ಸಲ ಕಿಡ್ನಿ ಒದ್ದಾಡುವುದು ನೀರಿಲ್ಲದೆ ಅಲ್ಲ, ಈ ಲೀಕಿನಿಂದ ಅದರ ಅಭಿಧಮನಿಯಲ್ಲಿ ಒತ್ತಡ ಕಟ್ಟಿಕೊಂಡು. ಐವಿಸಿ (ಕೆಳಗಿನಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ಅಭಿಧಮನಿ) 2.1 ಸೆಂಮೀಗಿಂತ ಅಗಲವಿದ್ದು, ಮೂಗಿನಲ್ಲಿ ಜೋರಾಗಿ ಉಸಿರೆಳೆದಾಗ ಅರ್ಧದಷ್ಟೂ ಕುಗ್ಗದಿದ್ದರೆ, ಲಿವರ್ ಅಭಿಧಮನಿಯಲ್ಲಿ ಹರಿವು ಹಿಮ್ಮುಖವಾಗಿದ್ದರೆ ನೀರು ಇನ್ನೂ ಒಳಗಿದೆ. ತೀರಾ ದೊಡ್ಡ ಟಿಆರ್‌ನಲ್ಲಿ ಜೆಟ್ಟಿನ ವೇಗ ಕಡಿಮೆ ಸಿಗುತ್ತದೆ. ಅದನ್ನು ನೋಡಿ ಶ್ವಾಸಕೋಶದ ಒತ್ತಡ ನಾರ್ಮಲ್ ಎಂದು ದಯವಿಟ್ಟು ಬರೆಯಬೇಡಿ.

ಕಾಯಲೇಬಾರದ ರೋಗಿಗಳೂ ಇದ್ದಾರೆ. ಹಾರ್ಟ್ ಅಟ್ಯಾಕ್ ಆದ ಮೊದಲ ವಾರದಲ್ಲಿ ದಿಢೀರನೆ ಶ್ವಾಸಕೋಶಕ್ಕೆ ನೀರು ತುಂಬಿದರೆ ಪ್ಯಾಪಿಲರಿ ಸ್ನಾಯು ಹರಿದಿರಬಹುದು. ಎಡ ಹೃತ್ಕರ್ಣದ ಒತ್ತಡ ಒಮ್ಮೆಲೇ ಏರುವುದರಿಂದ ಮರ್ಮರ್ (ಸ್ಟೆತಸ್ಕೋಪಿನಲ್ಲಿ ಲೀಕಿನ ಸದ್ದು) ಕೇಳಿಸದೆಯೂ ಇರಬಹುದು. ತಕ್ಷಣ ಸರ್ಜನ್‌ಗೆ ಹೇಳಿ. ರುಮ್ಯಾಟಿಕ್ ಜ್ವರದಿಂದ ಕೆಟ್ಟ ಕವಾಟದಲ್ಲಿ ದಳವೇ ದಪ್ಪಗಟ್ಟಿ ಮುದುಡಿರುತ್ತದೆ, ನೀರು ತೆಗೆದರೆ ಉಸಿರು ಸುಧಾರಿಸೀತು, ಕವಾಟ ಅಲ್ಲ. ಮಹಾಪಧಮನಿಯ ಕವಾಟ ಜೋರಾಗಿ ಸೋರುತ್ತಿದ್ದರೆ ಹೃದಯಕ್ಕೆ ಆಸರೆಯಾಗಿ ಮಹಾಪಧಮನಿಯೊಳಗೆ ಇಡುವ ಬಲೂನ್ ಪಂಪ್ ಹಾಕಲೇಬೇಡಿ.

ಲೀಕ್ ಉಳಿದವರ ಡಿಸ್ಚಾರ್ಜ್ ಸಮರಿಯಲ್ಲಿ ಎರಡೂ ಎಕೋಗಳ ಅಳತೆ, ಹೋಗುವ ದಿನದ ತೂಕ ಬರೆಯಿರಿ. ಒಂದೆರಡು ವಾರದಲ್ಲೇ ಕರೆಸಿ ಹಾರ್ಟ್ ಫೇಲ್ಯೂರ್ ಮಾತ್ರೆಗಳನ್ನು ರೋಗಿ ತಡೆದುಕೊಳ್ಳುವಷ್ಟು ಏರಿಸಿ. ಕವಾಟದ ದಳಗಳನ್ನು ಹಿಡಿದು ಸೇರಿಸುವ ಕ್ಲಿಪ್ ಮಾತು ಆಮೇಲೆ: 2018ರ ಕೋಆಪ್ಟ್ ಅಧ್ಯಯನದಲ್ಲಿ ಅದು ಸಾವು ತಗ್ಗಿಸಿತು, ಅದೇ ವರ್ಷದ ಮಿತ್ರಾ-ಎಫ್‌ಆರ್‌ನಲ್ಲಿ ಇಲ್ಲ. ಕೋಆಪ್ಟ್‌ಗೆ ಸೇರಿದ್ದವರು ಔಷಧಿ ಪೂರ್ತಿ ಏರಿಸಿದ ಮೇಲೂ ಲೀಕ್ ಉಳಿದಿದ್ದವರು.